ರೈಲು ತಡವಾದರೆ ಹುಟ್ಟುಹಬ್ಬದ ಗುಟ್ಟನ್ನು ಯಾವಾಗ ಬಿಟ್ಟುಕೊಡಬೇಕು?

ಮಳೆಹನಿ (ಪ್ರಶ್ನೆ)

ಮುಂದಿನ ತಿಂಗಳು ನನ್ನ ಅಮ್ಮನಿಗೆ 70 ತುಂಬುತ್ತದೆ. ಅವರು ಇದುವರೆಗೆ ಸಮುದ್ರ ನೋಡಿಲ್ಲ. ಎಲ್ಲಿಗೆ ಅಂತ ಹೇಳದೆ ರೈಲು ಹತ್ತಿಸಿ, ಹುಟ್ಟುಹಬ್ಬದ ಬೆಳಿಗ್ಗೆ ಅಲೆಗಳ ಮುಂದೆ ನಿಲ್ಲಿಸಬೇಕು ಅಂತ ಆಸೆ. ಆದರೆ ಎರಡು ವರ್ಷದ ಹಿಂದೆ ನನ್ನ ಗಂಡನ 40ನೇ ಹುಟ್ಟುಹಬ್ಬಕ್ಕೆ ಹೀಗೇ ಮಾಡಲು ಹೋಗಿ ಆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಆಗ ಎಲ್ಲವನ್ನೂ ಮುಚ್ಚಿಟ್ಟಿದ್ದೆ. ಅವರ ಬಟ್ಟೆ ನನ್ನ ಬ್ಯಾಗಿನ ತಳದಲ್ಲಿತ್ತು. ಗೆಳತಿಯ ತಂಗಿಯ ಮದುವೆಗೆ ಹೊರಟಿದ್ದೇವೆ ಅಂದಿದ್ದೆ. ಮೊದಲ ರೈಲು ಮಧ್ಯಾಹ್ನ 1:10ಕ್ಕೆ. ಸಂಜೆ 5:50ಕ್ಕೆ ಜಂಕ್ಷನ್‌ನಲ್ಲಿ ಇಳಿದು, 7:20ಕ್ಕೆ ಇನ್ನೊಂದು ರೈಲು ಹಿಡಿಯಬೇಕಿತ್ತು. ನಡುವೆ ಒಂದೂವರೆ ಗಂಟೆ ಇದೆಯಲ್ಲ, ಸಾಕು ಅಂದುಕೊಂಡೆ.

ಬೋರ್ಡಿನಲ್ಲಿ ಮೊದಲು 30 ನಿಮಿಷ ತಡ ಅಂತ ಬಂತು. ಆಮೇಲೆ 50. ಆಮೇಲೆ ಒಂದು ಗಂಟೆ 20 ನಿಮಿಷ. ಅಷ್ಟರಲ್ಲಿ ಗಂಡ, "ಹೀಗಾದರೆ ಮದುವೆಗೆ ಯಾವಾಗ ತಲುಪುತ್ತೇವೆ? ಫೋನ್ ಮಾಡಿ ಬರೋಕ್ಕಾಗಲ್ಲ ಅಂತ ಹೇಳಿಬಿಡು, ಮನೆಗೆ ಹೋಗೋಣ" ಅಂದರು. ಅವರಿಗೆ ಗೊತ್ತಿದ್ದಷ್ಟರಲ್ಲಿ ಅವರು ಹೇಳಿದ್ದು ಸರಿಯೇ. ನಾನು ಮಾತ್ರ ರೇಗಿಬಿಟ್ಟೆ. ರೈಲು ಹತ್ತಿದ ಮೇಲೂ ತುಂಬಾ ಹೊತ್ತು ಇಬ್ಬರೂ ಮಾತಾಡಲಿಲ್ಲ. ಇನ್ನೂ ಹತ್ತು ನಿಮಿಷ ಉಳಿದಿದೆ, ಓಡಿದರೆ ಸಿಗುತ್ತೆ ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ. ಆಗ ಒಂದು ಸಣ್ಣ ನಿಲ್ದಾಣದಲ್ಲಿ ರೈಲು ಸುಮ್ನೆ 35 ನಿಮಿಷ ನಿಂತಿತು. ಜಂಕ್ಷನ್ ತಲುಪಿದಾಗ 7:45. ಮುಂದಿನ ರೈಲು ಬೆಳಿಗ್ಗೆ 5:40ಕ್ಕೆ.

ರಾತ್ರಿ 12ಕ್ಕೆ ವೇಯ್ಟಿಂಗ್ ರೂಮಿನಲ್ಲಿ ಕೂತು ನಿಜ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ಇಡೀ ದಿನ ಇದನ್ನೆಲ್ಲ ನೀನೊಬ್ಬಳೇ ಹೊತ್ತುಕೊಂಡು ಕೂತಿದ್ದೆಯಾ?" ಅಂತ ಕೇಳಿದರು. ನನಗೆ ಅಳು ತಡೆಯಲಾಗಲಿಲ್ಲ.

ಈ ಸಲ ಅಮ್ಮನ ಜೊತೆ ಹಾಗಾಗಬಾರದು. ಎಷ್ಟು ತಡವಾದರೆ ಗುಟ್ಟು ಹೇಳಿಬಿಡಬೇಕು? ಎರಡು ರೈಲುಗಳ ನಡುವೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ಹಳೇಸಿಗ್ನಲ್

ನಾನು 31 ವರ್ಷ ರೈಲುಗಳ ಓಡಾಟ ನೋಡಿಕೊಳ್ಳುವ ಕೆಲಸದಲ್ಲಿದ್ದವನು. ನಿಮ್ಮ ರೈಲು ಆ 35 ನಿಮಿಷ ಸುಮ್ಮನೆ ನಿಂತಿರಲಿಕ್ಕಿಲ್ಲ. ಅದು ಒಂದೇ ಹಳಿಯ ಮಾರ್ಗವಾಗಿದ್ದರೆ, ಎದುರು ಬರುವ ರೈಲಿಗೆ ದಾರಿ ಬಿಡಲು ನಿಲ್ಲಿಸಿರುತ್ತಾರೆ. ಇದಕ್ಕೆ ನಾವು ಕ್ರಾಸಿಂಗ್ ಅನ್ನುತ್ತೇವೆ. ಲೂಪ್ ಲೈನ್, ಅಂದರೆ ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಪಕ್ಕದ ಹಳಿ, ಇರುವ ನಿಲ್ದಾಣದಲ್ಲಿ ಮಾತ್ರ ಎರಡು ರೈಲು ಪಕ್ಕಪಕ್ಕ ದಾಟಬಹುದು. ಎದುರಿನದು ಸರಿಯಾದ ಸಮಯಕ್ಕೆ ಓಡುತ್ತಿದ್ದರೆ ಸಾಮಾನ್ಯವಾಗಿ ತಡವಾದದ್ದನ್ನೇ ನಿಲ್ಲಿಸುತ್ತೇವೆ. ಇಲ್ಲದಿದ್ದರೆ ಎರಡೂ ತಡವಾಗುತ್ತವೆ. ಅಂದರೆ ಒಮ್ಮೆ ತನ್ನ ಸರದಿ ತಪ್ಪಿಸಿಕೊಂಡ ರೈಲು, ಬೇರೆಯವುಗಳ ನಡುವೆ ಸಂದು ಸಿಕ್ಕಾಗಲೇ ಮುಂದೆ ಹೋಗಬೇಕು. ಅದಕ್ಕೇ ತಡ ಅನ್ನುವುದು ಬೆಳೆಯುತ್ತಾ ಹೋಗುತ್ತದೆ. ಬೋರ್ಡಿನಲ್ಲಿ 30 ನಿಮಿಷ ಅಂತ ಕಂಡರೆ ಅದು ಆ ಹೊತ್ತಿನ ಲೆಕ್ಕ ಅಷ್ಟೇ.

ಸಿಗ್ನಲ್ ಕೆಟ್ಟಾಗಲೂ ಜನ ಬೈಯುತ್ತಾರೆ, ನನಗೆ ಬೇಜಾರಾಗುತ್ತಿತ್ತು. ಹಳಿಯಲ್ಲಿ ಸಣ್ಣ ವಿದ್ಯುತ್ ಹರಿಸಿ ರೈಲು ಇದೆಯೋ ಇಲ್ಲವೋ ತಿಳಿಯುವ ಟ್ರ್ಯಾಕ್ ಸರ್ಕ್ಯೂಟ್ ಅಂತ ಒಂದಿದೆ. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಚಕ್ರ ಹಳಿಗೆ ತಾಗಿದರೆ ಸಿಗ್ನಲ್ ಕೆಂಪು. ತಂತಿ ಕಡಿದರೂ ಕೆಂಪೇ. ಏನೇ ಕೆಟ್ಟರೂ ರೈಲು ನಿಲ್ಲಬೇಕು ಅಂತಲೇ ಹಾಗೆ ಮಾಡಿದ್ದು. ಜೀವ ಉಳಿಯುವುದು ಅದರಿಂದಲೇ.

ಇನ್ನೊಂದು ಮಾತು, ಆದಷ್ಟೂ ಬೆಳಗಿನ ರೈಲು ಹಿಡಿಯಿರಿ. ದಿನದ ಗೊಂದಲಗಳೆಲ್ಲ ಸಂಜೆಯ ರೈಲುಗಳ ಮೇಲೆ ಬಂದು ಬೀಳುತ್ತವೆ. ಬಿಸಿಲೂ ಒಂದು ಕಾರಣ. ಒಂದು ಕಿಲೋಮೀಟರ್ ಉಕ್ಕಿನ ಹಳಿಯನ್ನು ತಡೆಯಿಲ್ಲದೆ ಬಿಟ್ಟರೆ 30 ಡಿಗ್ರಿ ಬಿಸಿ ಏರಿದಾಗ ಸುಮಾರು 35 ಸೆಂಟಿಮೀಟರ್ ಉದ್ದವಾಗುತ್ತದೆ. ಬೆಸೆದ ಹಳಿಯನ್ನು ಹಾಗೆ ಬೆಳೆಯಲು ಬಿಡುವುದಿಲ್ಲ. ಒಳಗೇ ಒತ್ತಡ ಕಟ್ಟಿಕೊಂಡು ಅದು ಬಾಗಬಹುದು. ಅದಕ್ಕೇ ಸುಡುಬಿಸಿಲಿನಲ್ಲಿ ಕೆಲವು ಕಡೆ ವೇಗ ಇಳಿಸುತ್ತಾರೆ.

ದಿನದ ಕೊನೆಯ ರೈಲನ್ನು ನಂಬಿ ಬದಲಾವಣೆ ಇಟ್ಟುಕೊಳ್ಳಲೇಬೇಡಿ. ಅದರ ಹಿಂದೆ ಇನ್ನೊಂದಾದರೂ ಇರಬೇಕು.

ದೂರದದಾರಿ

ನೇರ ರೈಲು ಇದ್ದರೆ ಎರಡು ಗಂಟೆ ಜಾಸ್ತಿಯಾದರೂ ಅದೇ ಒಳ್ಳೆಯದು. ಮತ್ತೆ, ಉಳಿಯುವ ಜಾಗಕ್ಕೆ ತಡವಾಗಿ ಬರುತ್ತೇವೆ ಅಂತ ದಾರಿಯಿಂದಲೇ ಫೋನ್ ಮಾಡಿ. ಒಂದು ಸಲ ಮಾಡದೆ ರೂಮು ಬೇರೆಯವರ ಪಾಲಾಯಿತು.

ಸಂಜೆಬಿಸಿಲು

ನನಗೆ 68. ಮಗಳು ನನ್ನನ್ನೂ ಹೀಗೇ ಕರೆದುಕೊಂಡು ಹೋಗಿದ್ದಳು. ತುಂಬಾ ಸಂತೋಷವಾಯಿತು, ಸುಳ್ಳಲ್ಲ. ಆದರೆ ಒಂದು ದಿನಕ್ಕೆ ಅಂದುಕೊಂಡು ಹೊರಟವಳು ಒಂದೇ ದಿನದ ಮಾತ್ರೆ ತಂದಿದ್ದೆ. ರೈಲು ಆರು ಗಂಟೆ ತಡವಾದಾಗ ಚೀಲದಲ್ಲಿ ಮಾತ್ರೆ ಎಣಿಸುತ್ತಾ ಕೂತಿದ್ದೆ. ಅವಳ ಖುಷಿ ಕೆಡುತ್ತೆ ಅಂತ ಬಾಯಿ ಬಿಡಲಿಲ್ಲ.

ಅದಕ್ಕೇ ಹೇಳುತ್ತೇನೆ, ನಿಮ್ಮ ಅಮ್ಮನಿಗೆ ಎಷ್ಟು ದಿನ, ಯಾವ ಹೊತ್ತಿಗೆ, ಎಷ್ಟು ನಡಿಗೆ, ಎಲ್ಲ ಹೇಳಿ. ಊರು ಮಾತ್ರ ಹೇಳಬೇಡಿ. ಅಷ್ಟು ಮುಚ್ಚಿಟ್ಟರೆ ಸಾಕು ಅಲ್ವಾ? ಇನ್ನು ಎಷ್ಟು ತಡವಾದರೆ ಅಂತ ಗಡಿಯಾರ ನೋಡಬೇಡಿ. "ವಾಪಸ್ ಹೋಗೋಣ್ವಾ?" ಅಂತ ಅವರು ಕೇಳಿದ ತಕ್ಷಣ ಹೇಳಿಬಿಡಿ. ಸಮುದ್ರ ಅಂತ ಗೊತ್ತಾದರೆ ಕಾಯುವುದಕ್ಕೂ ಒಂದು ಹುರುಪು ಬರುತ್ತದೆ.

ಮಳೆಹನಿ

ಎಲ್ಲರಿಗೂ ಧನ್ಯವಾದ. ಮಾತ್ರೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಐದು ದಿನದ್ದು ತೆಗೆದಿಡುತ್ತಿದ್ದೇನೆ.

ನೇರ ರೈಲು ಸಿಕ್ಕಿತು. ಬೆಳಿಗ್ಗೆ 6:15ಕ್ಕೆ ಹೊರಡುತ್ತದೆ, ಹತ್ತು ಗಂಟೆಯ ದಾರಿ. ಹುಟ್ಟುಹಬ್ಬದ ಹಿಂದಿನ ದಿನವೇ ಹೊರಡುತ್ತಿದ್ದೇವೆ. ಅರ್ಧ ದಿನ ತಡವಾದರೂ ಬೆಳಗಾಗುವಷ್ಟರಲ್ಲಿ ಅಲ್ಲಿರುತ್ತೇವೆ. ಈ ಸಲ ಗಂಡನಿಗೂ ಎಲ್ಲ ಗೊತ್ತು. ಅವರೇ ಟಿಕೆಟ್ ಮಾಡಿಸಿದರು.

ನಿನ್ನೆ ಅಮ್ಮನಿಗೆ ಮೂರು ದಿನದ ರೈಲು ಪ್ರಯಾಣ ಅಂತಷ್ಟೇ ಹೇಳಿದೆ. ಎಲ್ಲಿಗೆ ಅಂತ ಅವರು ಕೇಳಲೇ ಇಲ್ಲ. "ಕಿಟಕಿ ಪಕ್ಕದ ಸೀಟು ಸಿಗುತ್ತಾ?" ಅಂದರು.