ಫಾದರ್ ವರ್ಗವಾದಾಗ ಸಂಘದ ಹೊಣೆ ಯಾರ ಕೈಯಲ್ಲಿರಬೇಕು?

ಕಾಳಿತೀರ (ಕಾರವಾರ):
ಮಾನ್ಯರೇ, ಕಾರವಾರ ತಾಲೂಕಿನಲ್ಲಿ ಚರ್ಚಿನ ಆಶ್ರಯದಲ್ಲಿ ನಡೆಯುವ ಒಂದು ನೋಂದಾಯಿತ ಸಂಘಕ್ಕೆ ಈ ವರ್ಷ ನನ್ನನ್ನು ಕಾರ್ಯದರ್ಶಿಯಾಗಿ ಆರಿಸಿದ್ದಾರೆ. ಸಂಘವು ಮೀನುಗಾರ ಕುಟುಂಬಗಳ ಹೆಣ್ಣುಮಕ್ಕಳಿಗೆ ಹೊಲಿಗೆ ತರಬೇತಿ ಕೊಡುತ್ತದೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮತ್ತು ಗೌಳಿ ಮಕ್ಕಳಿಗಾಗಿ ಒಂದು ಚಿಕ್ಕ ವಸತಿನಿಲಯವನ್ನೂ ನಡೆಸುತ್ತದೆ. ಬೈಲಾ ಪ್ರಕಾರ ಚರ್ಚಿನ ಫಾದರ್ ಪದನಿಮಿತ್ತ ಅಧ್ಯಕ್ಷರು. ಇದೆಲ್ಲವನ್ನೂ ಕಟ್ಟಿ ಬೆಳೆಸಿದ ಹಿಂದಿನ ಫಾದರ್ ಈಗ ಬೇರೆ ಊರಿಗೆ ವರ್ಗವಾಗಿದ್ದಾರೆ.

ಹೊಸಬರು ಬಂದು ಕಪಾಟು ತೆರೆದಾಗ ಸಿಕ್ಕಿದ್ದು ಒಂದು ಚೆಕ್ ಪುಸ್ತಕ, ಅರ್ಧ ಬರೆದ ರಸೀದಿ ಪುಸ್ತಕ ಮತ್ತು ರಬ್ಬರ್ ಬ್ಯಾಂಡ್ ಹಾಕಿದ ಬಿಲ್ಲುಗಳ ಕಟ್ಟು ಮಾತ್ರ. ಯಾವ ದಾನಿ ಯಾವ ಕೆಲಸಕ್ಕೆ ಹಣ ಕೊಟ್ಟಿದ್ದರು, ಹೊಲಿಗೆ ಯಂತ್ರಗಳಲ್ಲಿ ಸಂಘದವು ಎಷ್ಟು, ಎರವಲು ತಂದವು ಎಷ್ಟು ಎಂಬುದು ಹಿಂದಿನವರ ನೆನಪಿನಲ್ಲಿತ್ತೇ ಹೊರತು ಕಾಗದದಲ್ಲಿರಲಿಲ್ಲ. ವಸತಿನಿಲಯದ ಮಾಡು ಸೋರುತ್ತದೆಂದು ದುಬೈಯಲ್ಲಿರುವ ಒಬ್ಬರು ಕಳುಹಿಸಿದ್ದ ಹಣ, ಹಬ್ಬ ಹತ್ತಿರ ಬಂದಿತೆಂಬ ಕಾರಣಕ್ಕೆ ಚರ್ಚಿನ ಕಂಪೌಂಡ್ ಗೋಡೆಗೆ ಖರ್ಚಾಗಿದೆ; ಅವರು ಈಗ ಮಾಡಿನ ಫೋಟೊ ಕೇಳುತ್ತಿದ್ದಾರೆ. ಸಭೆಯಲ್ಲಿ ಎಲ್ಲರೂ ‘ಫಾದರ್ ಹೇಳಿದಂತೆ ಆಗಲಿ’ ಎನ್ನುತ್ತಾರೆ, ಠರಾವನ್ನು ಆಮೇಲೆ ಬರೆದುಕೊಳ್ಳಲಾಗುತ್ತದೆ. ಗುರುಗಳಿಗೆ ಅಗೌರವವಾಗದಂತೆ ಈ ಪದ್ಧತಿಯನ್ನು ಬದಲಿಸುವುದು ಹೇಗೆ ಎಂಬುದು ನನ್ನ ಪ್ರಶ್ನೆ.

ಘಟ್ಟದ ಲೆಕ್ಕಿಗ (ಶಿರಸಿ):
ಕಾರ್ಯದರ್ಶಿಯವರೇ, ನಾನು ಕ್ರೈಸ್ತನಲ್ಲ. ಆದರೆ ಇಂಥ ಕೆಲವು ಸಂಘಗಳ ಲೆಕ್ಕಪತ್ರ ನೋಡುತ್ತೇನೆ. ನಿಮ್ಮ ಸಂಘ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ ನೋಂದಣಿಯಾಗಿದ್ದರೆ, ಕಾನೂನಿನ ಕಣ್ಣಿಗೆ ಅದನ್ನು ನಡೆಸುವುದು ಆಡಳಿತ ಮಂಡಳಿ. ಫಾದರ್ ಆ ಮಂಡಳಿಯ ಅಧ್ಯಕ್ಷರು, ಅಷ್ಟೆ. ವಾರ್ಷಿಕ ಸರ್ವಸಾಧಾರಣ ಸಭೆ ನಡೆದ 14 ದಿನಗಳೊಳಗೆ ಮಂಡಳಿಯ ಸದಸ್ಯರ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ಜಿಲ್ಲಾ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಫಾದರ್ ಬದಲಾಗಿದ್ದರೂ ಹಳೆಯವರ ಹೆಸರೇ ಪಟ್ಟಿಯಲ್ಲಿ ಮುಂದುವರಿದಿರುವುದನ್ನು ನಾನು ಕಂಡಿದ್ದೇನೆ. ಹೀಗಾದಾಗ ಬ್ಯಾಂಕಿನವರು ಸಹಿ ಬದಲಾವಣೆಗೆ ಒಪ್ಪುವುದಿಲ್ಲ, ವಸತಿನಿಲಯದ ಅಕ್ಕಿಯ ಬಿಲ್ಲು ಬಾಕಿ ಉಳಿಯುತ್ತದೆ. ಮೊದಲು ಆ ಪಟ್ಟಿಯನ್ನು ಸರಿಪಡಿಸಿ.

ದುಬೈ ಹಣದ ವಿಷಯದಲ್ಲಿ ಒಂದು ಎಚ್ಚರ. ಭಾರತೀಯ ಪೌರರು ವಿದೇಶದಲ್ಲಿದ್ದು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ಗೋವೆಯ ಮೂಲವನ್ನು ತೋರಿಸಿ ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆದವರು ನಮ್ಮ ಕರಾವಳಿಯ ನೆಂಟರಿಷ್ಟರಲ್ಲಿ ಇರುತ್ತಾರೆ. ಅಂಥವರು ಪ್ರೀತಿಯಿಂದ ಕೊಟ್ಟರೂ ಅದು ವಿದೇಶಿ ಮೂಲದ ಹಣವೇ ಆಗುತ್ತದೆ. 2010ರ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಘ ಅದನ್ನು ತೆಗೆದುಕೊಳ್ಳುವಂತಿಲ್ಲ. 2020ರ ತಿದ್ದುಪಡಿಯ ನಂತರ, ನೋಂದಣಿ ಇರುವ ದೊಡ್ಡ ಸಂಸ್ಥೆಯೊಂದು ತಾನು ಪಡೆದ ಹಣವನ್ನು ಚಿಕ್ಕ ಸಂಘಕ್ಕೆ ದಾಟಿಸುವುದಕ್ಕೂ ಅವಕಾಶವಿಲ್ಲ. ಅಂಥ ಹಣದಲ್ಲಿ ಆಡಳಿತ ವೆಚ್ಚದ ಮಿತಿಯೂ ಶೇ. 50ರಿಂದ ಶೇ. 20ಕ್ಕೆ ಇಳಿದಿದೆ. ಧರ್ಮಪ್ರಾಂತದ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ಕಡೆಯಿಂದ ಬರುತ್ತಿದ್ದ ನೆರವು ನಿಂತುಹೋಯಿತೆಂದು ಸದಸ್ಯರು ಹೊಸ ಫಾದರ್ ಮೇಲೆ ಗೊಣಗುತ್ತಿದ್ದರೆ, ಅದಕ್ಕೆ ಕಾರಣ ಇದೂ ಇರಬಹುದೆಂದು ತಿಳಿಸಿ ಹೇಳಿ.

ಶರಾವತಿ ದಂಡೆ (ಹೊನ್ನಾವರ, ನಿವೃತ್ತ ಮುಖ್ಯೋಪಾಧ್ಯಾಯಿನಿ):
ಲೆಕ್ಕಿಗರು ಸರಕಾರದ ಕಾನೂನನ್ನು ಹೇಳಿದರು. ಕೆಥೋಲಿಕ ಧರ್ಮಸಭೆಯ ಕಾನೂನು ಅದಕ್ಕಿಂತ ಸಡಿಲವಾಗಿದೆ ಎಂದು ಯಾರೂ ಭಾವಿಸಬೇಕಿಲ್ಲ. ಆ ಕಾನೂನಿನ ಗ್ರಂಥವಾದ 1983ರ ಕೆನಾನ್ ಸಂಹಿತೆಯ 537ನೆಯ ವಿಧಿ ಪ್ರತಿ ಧರ್ಮಕೇಂದ್ರದಲ್ಲೂ (ಪ್ಯಾರಿಷ್) ಹಣಕಾಸು ಸಮಿತಿ ಇರಲೇಬೇಕೆನ್ನುತ್ತದೆ. ಭಕ್ತರು ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕಷ್ಟೇ ಬಳಸಬೇಕು ಎಂಬುದು 1267ನೆಯ ವಿಧಿಯಲ್ಲಿದೆ. ನಿಮ್ಮ ಮಾಡು ಮತ್ತು ಗೋಡೆಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ. 1283ನೆಯ ವಿಧಿಯಂತೂ ಆಡಳಿತ ವಹಿಸಿಕೊಳ್ಳುವವರು ಸ್ಥಿರ ಹಾಗೂ ಚರ ಆಸ್ತಿಯ ಪಟ್ಟಿಗೆ ಸಹಿ ಹಾಕಿ, ಒಂದು ಪ್ರತಿಯನ್ನು ಸಂಸ್ಥೆಯಲ್ಲಿ, ಇನ್ನೊಂದನ್ನು ಧರ್ಮಾಧ್ಯಕ್ಷರ (ಬಿಷಪರ) ಕಚೇರಿಯಲ್ಲಿ ಇಡಬೇಕೆಂದು ವಿಧಿಸುತ್ತದೆ. ನೋಂದಾಯಿತ ಸಂಘ ಚರ್ಚಿನಿಂದ ಪ್ರತ್ಯೇಕವಾದದ್ದು, ಈ ವಿಧಿಗಳು ಅದಕ್ಕೆ ನೇರವಾಗಿ ಅನ್ವಯಿಸದೇ ಇರಬಹುದು. ಆದರೆ ಚರ್ಚಿನ ಬೆಳ್ಳಿಯ ಪಾತ್ರೆಗೆ ಪಟ್ಟಿ ಮಾಡುವ ಫಾದರ್, ಹೊಲಿಗೆ ಯಂತ್ರಕ್ಕೆ ಪಟ್ಟಿ ಕೇಳಿದರೆ ಬೇಸರಿಸಲಾರರು. ನಾನು ಕಂಡ ಫಾದರ್‌ಗಳಲ್ಲಿ ಹೆಚ್ಚಿನವರು ಇಂಥ ಹೊರೆ ಹಂಚಿಕೊಳ್ಳುವವರು ಸಿಕ್ಕಿದರೆ ಸಂತೋಷವನ್ನೇ ಪಟ್ಟಿದ್ದಾರೆ.

ಸಭೆಯಲ್ಲಿ ಮಾತು ತೆಗೆಯಲು ನಿಮಗೆ ಬೈಬಲ್ಲೇ ಸಾಕು. ಜೆರುಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಒಯ್ಯುವಾಗ ಪೌಲನು ಹೊಣೆಯನ್ನು ತಾನೊಬ್ಬನೇ ಹೊರಲಿಲ್ಲ. ತೀತನ ಜೊತೆಗೆ, ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನು ಕಳುಹಿಸಿದನು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಮ್ಮ ಮೇಲೆ ತಪ್ಪು ಹೊರಿಸಬಾರದೆಂಬ ಕಾರಣವನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯದಲ್ಲಿ ತಾನೇ ಹೇಳಿದ್ದಾನೆ. ಅದನ್ನು ಓದಿ ಆರಂಭಿಸಿದ ಸಭೆಯಲ್ಲಿ ಚೆಕ್ಕಿಗೆ ಫಾದರ್ ಜೊತೆ ಇನ್ನೊಬ್ಬರೂ ಸಹಿ ಮಾಡುವ ಜಂಟಿ ಸಹಿಯ ಪ್ರಸ್ತಾಪ ಅಪನಂಬಿಕೆಯ ಮಾತಾಗಿ ಕೇಳಿಸುವುದಿಲ್ಲ.

ಬೇಲೆಕೇರಿ (ಅಂಕೋಲಾ):
ಮೇಲಿನ ಇಬ್ಬರ ಮಾತೂ ಸರಿಯಿದ್ದರೂ ನನಗೊಂದು ಅಳುಕಿದೆ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಮನೆಯಲ್ಲಿ ಒಲೆ ಉರಿಯದ ಹೆಂಗಸು ಫಾದರ್ ಹತ್ತಿರ ಬರುತ್ತಾಳೆ, ಆಡಳಿತ ಮಂಡಳಿಯ ಹತ್ತಿರ ಅಲ್ಲ. ತನ್ನ ಕಷ್ಟ ಠರಾವು ಪುಸ್ತಕದಲ್ಲಿ ಬರೆಯಲ್ಪಡುವುದೆಂದರೆ ಅವಳು ಬರುವುದನ್ನೇ ಬಿಡುತ್ತಾಳೆ. ದಾನಿಗಳೂ ಕೊಡುವುದು ಫಾದರ್ ಮುಖ ನೋಡಿಯೇ. ಎಲ್ಲವನ್ನೂ ಸಮಿತಿಗೆ ತಂದರೆ ನಮ್ಮ ಸಂಸ್ಥೆಗಳು ತಾಲೂಕು ಕಚೇರಿಯಂತಾಗಿಬಿಡುತ್ತವೆ.

ಘಟ್ಟದ ಲೆಕ್ಕಿಗ (ಶಿರಸಿ):
ಬೇಲೆಕೇರಿಯವರ ಅಳುಕು ನಿಜವಾದದ್ದು, ಅದಕ್ಕೆ ದಾರಿಯೂ ಇದೆ. ಮಂಡಳಿಯು ವರ್ಷದ ಆರಂಭದಲ್ಲೇ ಒಂದು ಮೊತ್ತವನ್ನು ತುರ್ತು ಸಹಾಯಕ್ಕೆಂದು ಠರಾವು ಮಾಡಿ ಅಧ್ಯಕ್ಷರ ವಿವೇಚನೆಗೆ ಬಿಡಲಿ. ಪಡೆದವರ ಹೆಸರು ಮತ್ತು ಸಹಿ ಇರುವ ವೋಚರ್‌ಗಳನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಲೆಕ್ಕಪರಿಶೋಧಕರು ಮಾತ್ರ ನೋಡಲಿ, ಸಭೆಯ ಮುಂದೆ ಒಟ್ಟು ಮೊತ್ತವಷ್ಟೇ ಬರಲಿ. ಮುಖ ನೋಡಿ ಕೊಡುವ ದಾನಿಯ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ಆ ಮುಖ ಕೆಲವು ವರ್ಷಗಳಲ್ಲಿ ಬೇರೆ ಊರಿಗೆ ಹೋಗುತ್ತದೆ. ನಮ್ಮ ಕಡೆಯ ಅಡಿಕೆ ಬೆಳೆಗಾರರ ಸೊಸೈಟಿಗಳಲ್ಲಿ ಅಧ್ಯಕ್ಷರು ಎಷ್ಟೇ ದೊಡ್ಡವರಾದರೂ ಸದಸ್ಯನು ವಾರ್ಷಿಕ ವರದಿಯನ್ನು ಕೈಯಲ್ಲಿ ಹಿಡಿದು ಎದ್ದುನಿಂತು ಕೇಳುತ್ತಾನೆ. ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ.

ಶರಾವತಿ ದಂಡೆ (ಹೊನ್ನಾವರ, ನಿವೃತ್ತ ಮುಖ್ಯೋಪಾಧ್ಯಾಯಿನಿ):
ಇನ್ನೊಂದನ್ನು ಕೇಳಬೇಕೆನಿಸಿತು. ವಸತಿನಿಲಯದ ಮೇಲ್ವಿಚಾರಕಿಗೆ, ಅಡುಗೆಯವರಿಗೆ ಏನು ಕೊಡುತ್ತಿದ್ದೀರಿ? ‘ಇದು ಸೇವೆ’ ಎಂದು ಹೇಳಿ ಗೌರವಧನದಲ್ಲೇ ವರ್ಷಗಟ್ಟಲೆ ದುಡಿಸುವುದು ನಮ್ಮ ಸಂಸ್ಥೆಗಳ ಹಳೆಯ ಕಾಯಿಲೆ. ವ್ರತ ಕೈಗೊಂಡ ಸಿಸ್ಟರ್‌ಗೆ ಅವರ ಮಠ ಇದೆ. ಸಂಸಾರಸ್ಥ ಹೆಂಗಸಿಗೆ ಬಾಡಿಗೆ ಕಟ್ಟುವವರು ಯಾರೂ ಇಲ್ಲ. ಹತ್ತು ಅಥವಾ ಹೆಚ್ಚು ನೌಕರರಿದ್ದರೆ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯೂ ಕಡ್ಡಾಯ. ಮಕ್ಕಳ ವಸತಿನಿಲಯವಾದ್ದರಿಂದ, ಸಂಖ್ಯೆ ಎಷ್ಟೇ ಇರಲಿ, ಮಗುವೊಂದು ಅಂಥ ದೂರು ಹೇಳಿದರೆ ಅದನ್ನು ಒಳಗೇ ಮುಗಿಸದೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕರ್ತವ್ಯ. ಸಂಸ್ಥೆಯ ಹೆಸರು ಕೆಡುತ್ತದೆ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ.

ಕಾಳಿತೀರ (ಕಾರವಾರ):
ಎಲ್ಲರಿಗೂ ವಂದನೆಗಳು. ಹೊಸ ಫಾದರ್ ಜೊತೆ ಮಾತನಾಡಿದೆ. ಪಟ್ಟಿ ಮಾಡುವುದಕ್ಕೆ ಅವರೇ ಮುಂದಾಗಿದ್ದಾರೆ, ಹಿಂದಿನವರಿಗೆ ಫೋನು ಮಾಡಿ ರಸೀದಿಗಳ ವಿವರವನ್ನೂ ಕೇಳಿದ್ದಾರೆ. ದುಬೈಯವರು ಭಾರತೀಯ ಪಾಸ್‌ಪೋರ್ಟಿನವರೇ ಎಂದು ಖಾತ್ರಿಯಾಯಿತು. ಗೋಡೆಗೆ ಹೋದ ಮೊತ್ತವನ್ನು ಚರ್ಚಿನ ಖಾತೆಯಿಂದ ಸಂಘಕ್ಕೆ ಮರಳಿಸಿ ಮಾಡಿನ ಕೆಲಸ ಮಾಡಿಸುವ ಬಗ್ಗೆ ಮುಂದಿನ ಸಭೆಯಲ್ಲಿ ತೀರ್ಮಾನವಾಗಬೇಕು. ಜಂಟಿ ಸಹಿಗೆ ಬೈಲಾ ತಿದ್ದುಪಡಿ ಬೇಕೇ, ಠರಾವು ಸಾಕೇ ಎಂಬುದೊಂದು ಉಳಿಯಿತು.

ಘಟ್ಟದ ಲೆಕ್ಕಿಗ (ಶಿರಸಿ):
ಅಧ್ಯಕ್ಷರೊಬ್ಬರೇ ಸಹಿ ಮಾಡತಕ್ಕದ್ದು ಎಂದು ಬೈಲಾದಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಅದನ್ನು ಸರ್ವಸಾಧಾರಣ ಸಭೆಯಲ್ಲಿ ತಿದ್ದಿ ನೋಂದಣಾಧಿಕಾರಿಗಳ ಕಚೇರಿಯಲ್ಲಿ ದಾಖಲಿಸಬೇಕು. ಹಾಗೆ ಬರೆದಿಲ್ಲದಿದ್ದರೆ ಮಂಡಳಿಯ ಠರಾವಿನ ದೃಢೀಕೃತ ನಕಲನ್ನು ಬ್ಯಾಂಕಿಗೆ ಕೊಡಿ. ಠರಾವಿನಲ್ಲಿ ವ್ಯಕ್ತಿಗಳ ಹೆಸರಿನ ಜೊತೆಗೆ ಹುದ್ದೆಯನ್ನೂ ನಮೂದಿಸಿ, ಮತ್ತು ಅದನ್ನು ಸಭೆ ನಡೆಯುತ್ತಿರುವಾಗಲೇ ಬರೆಯಿರಿ.