ಕೆರೆ ಮ್ಯಾಪ್ ವೆಬ್‌ಗೆ ಹಾಕ್ಬೇಕು, ಯಾವ ಫೈಲು ಯಾವ ಟೂಲು? ಮಾಡಿದೋರು ಹೇಳಿ

— ನಮ್ ತಾಲ್ಲೂಕಿನ ಕೆರೆಗಳದ್ದೊಂದು ಮ್ಯಾಪ್ ಮಾಡ್ತಿದೀವಿ. ಸುಮಾರು 300 ಕೆರೆ, ಜೊತೆಗೆ ಕಾಲುವೆ, ಊರಿನ ಗಡಿ. ಅರ್ಧ ಶೇಪ್‌ಫೈಲಲ್ಲಿದೆ (ಮ್ಯಾಪ್ ಡೇಟಾ ಇಡೋ ಹಳೇ ಮಾದರಿ ಫೈಲು), ಇನ್ನರ್ಧ ಹುಡುಗ್ರು ಫೋನ್ ಹಿಡ್ಕೊಂಡು ಏರಿ ಮೇಲೆ ಸುತ್ತಿ ತಂದಿರೋ ಕೆಎಂಎಲ್ (ಗೂಗಲ್ ಅರ್ಥ್‌ನಲ್ಲಿ ತೆಗೆಯೋ ಮ್ಯಾಪ್ ಫೈಲು). ಎರಡೂ ಸೇರ್ಸಿ ಜಿಯೋಜೇಸನ್ (ವೆಬ್ ಮ್ಯಾಪ್‌ಗೆ ಬಳಸೋ ಫೈಲು) ಮಾಡಿದ್ರೆ 38 ಎಂಬಿ ಆಯ್ತು, ಫೋನಲ್ಲಿ ತೆಗೆದ್ರೆ ಬಿಳೀ ಪರದೆ. ಸರ್ವರ್‌ಗೆ ದುಡ್ಡಿಲ್ಲ. ಏನ್ಮಾಡೋದು?

— ಸರ್ವರ್ ಏನಕ್ಕೆ ಗುರು. ಲೀಫ್ಲೆಟ್ (ವೆಬ್ ಪುಟದಲ್ಲಿ ಮ್ಯಾಪ್ ತೋರ್ಸೋ ಬಿಟ್ಟಿ ಕೋಡು) ಪ್ಲಸ್ ಒಂದು ಜಿಯೋಜೇಸನ್, ಗಿಟ್‌ಹಬ್ ಪೇಜಸ್‌ನಲ್ಲಿ ಬಿಟ್ಟಿ ಇಡಿ, ಮುಗೀತು. ನಿಮ್ಗಿರೋ ತೊಂದ್ರೆ ಫೈಲು ಊದಿರೋದು ಅಷ್ಟೇ. ಅದನ್ನ ನೋಟ್‌ಪ್ಯಾಡಲ್ಲಿ ತೆಗೆದು ನೋಡಿ, ಒಂದೊಂದ್ ಬಿಂದುಗೂ ದಶಾಂಶ ಆದ್ಮೇಲೆ ಹದಿನಾಲ್ಕು ಹದಿನೈದು ಅಂಕಿ ಇರುತ್ತೆ. ಒಂದು ಡಿಗ್ರಿ ಅಂದ್ರೆ ಸುಮಾರು 111 ಕಿಲೋಮೀಟರ್, ಐದು ಅಂಕಿ ಇಟ್ರೇನೆ ಒಂದು ಮೀಟರ್ ಲೆಕ್ಕ ಸಿಗುತ್ತೆ, ಹುಡುಗ್ರ ಫೋನ್ ಜಿಪಿಎಸ್ಸೇ ನಾಕೈದು ಮೀಟರ್ ಆಚೀಚೆ ತೋರ್ಸುತ್ತೆ, ಮಿಕ್ಕಿದ್ದೆಲ್ಲ ಬರೀ ಹೊರೆ. ಮ್ಯಾಪ್‌ಶೇಪರ್ ಅಂತ ಸೈಟ್ ಇದೆ, ಬ್ರೌಸರಲ್ಲೇ ಓಡುತ್ತೆ, ಫೈಲ್ ಎಳೆದು ಹಾಕಿ ಸಿಂಪ್ಲಿಫೈ (ಗೆರೆಯಲ್ಲಿರೋ ಬಿಂದು ಕಮ್ಮಿ ಮಾಡೋದು) ಒತ್ತಿ ಸ್ಲೈಡರ್ ಹತ್ತು ಪರ್ಸೆಂಟ್‌ಗೆ ತನ್ನಿ, ಎಕ್ಸ್‌ಪೋರ್ಟ್ ಮಾಡುವಾಗ ಪ್ರಿಸಿಷನ್ 0.00001 ಕೊಡಿ. ಇದ್ರಲ್ಲಿ ನಂಗಿಷ್ಟ ಆಗೋದು ಏನಂದ್ರೆ ಎರಡೂರಿನ ನಡುವಿನ ಗಡೀನ ಒಂದೇ ಗೆರೆ ಅಂತ ನೋಡುತ್ತೆ, ಹಂಗಾಗಿ ಮಧ್ಯ ಸಂದಿ ಬೀಳಲ್ಲ. ಬೇಡದ ಕಾಲಂಗಳನ್ನೂ ಕಿತ್ತಾಕಿ.

— ನಾನು ಒಂದ್ ವಾರ ತಲೆ ಕೆಡಿಸ್ಕೊಂಡಿದ್ದು ಬೇರೆ ಕಡೆ. ಜಿಯೋಜೇಸನ್‌ನಲ್ಲಿ ಮೊದ್ಲು ರೇಖಾಂಶ ಆಮೇಲೆ ಅಕ್ಷಾಂಶ, ಕೆಎಂಎಲ್‌ನಲ್ಲೂ ಹಂಗೇ, ಆದ್ರೆ ಲೀಫ್ಲೆಟ್‌ನಲ್ಲಿ ನಾವೇ ಮಾರ್ಕರ್ ಇಡೋದಾದ್ರೆ ಉಲ್ಟಾ, ಅಕ್ಷಾಂಶ ಮೊದ್ಲು. ಬೆಂಗ್ಳೂರಿಗೆ 12.97, 77.59 ಅಲ್ವಾ, ತಿರುಗಿಸಿ ಕೊಟ್ರೆ ಉತ್ತರ ಧ್ರುವದ ಕಡೆ ಸ್ವಾಲ್ಬಾರ್ಡ್ ಪಕ್ಕದ ಸಮುದ್ರದಲ್ಲಿ ಹೋಗಿ ಕೂರುತ್ತೆ. ಕೆರೆ ಕಾಣಿಸ್ತಿಲ್ಲ ಅಂದ್ರೆ ಮೊದ್ಲು ಅಲ್ಲಿಗೆ ಹೋಗಿ ಹುಡುಕಿ 😀

ಇನ್ನೊಂದು, ಶೇಪ್‌ಫೈಲಲ್ಲಿ ಅಂಕಿಗಳು ಲಕ್ಷಗಟ್ಲೆ ಇದ್ರೆ ಅದು ಡಿಗ್ರಿ ಅಲ್ಲ, ಬಹುಶಃ ಯುಟಿಎಂ ಮೀಟರ್, ಅಂದ್ರೆ ಭೂಮೀನ ಪಟ್ಟಿಪಟ್ಟಿ ಝೋನ್ ಮಾಡಿ ಮೀಟರಲ್ಲಿ ಅಳೆಯೋ ಲೆಕ್ಕ. ನಮ್ ರಾಜ್ಯದ ಹೆಚ್ಚಿನ ಭಾಗ ಝೋನ್ 43, ಆದ್ರೆ 78 ಡಿಗ್ರಿ ದಾಟಿದ್ರೆ, ಅಂದ್ರೆ ಕೋಲಾರದ ಕಡೆ, 44 ಆಗುತ್ತೆ. ಕ್ಯೂಜಿಐಎಸ್‌ನಲ್ಲಿ (ಕಂಪ್ಯೂಟರಲ್ಲಿ ಓಡೋ ಬಿಟ್ಟಿ ಮ್ಯಾಪ್ ಸಾಫ್ಟ್‌ವೇರ್) ಇಪಿಎಸ್‌ಜಿ 4326ಗೆ, ಅಂದ್ರೆ ಮಾಮೂಲಿ ಅಕ್ಷಾಂಶ-ರೇಖಾಂಶ ಡಿಗ್ರಿಗೆ ಬದಲಾಯ್ಸಿ ಎಕ್ಸ್‌ಪೋರ್ಟ್ ಮಾಡಿ.

— ಯಾರೂ ಹೆಸರಿನ ವಿಷ್ಯ ಎತ್ಲಿಲ್ವಲ್ಲ. ಕೆರೆ ಹೆಸ್ರು ಕನ್ನಡದಲ್ಲಿದ್ರೆ ಶೇಪ್‌ಫೈಲ್ ಸಹವಾಸ ಬೇಡ ಸರ್. ಕಾಲಂ ಹೆಸ್ರಿಗೆ 10 ಬೈಟ್ ಮಾತ್ರ, ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, "ಕೆರೆ" ಅನ್ನೋಕೇ 12 ಬೇಕು! ಎನ್‌ಕೋಡಿಂಗ್ ಹೇಳೋ ಪುಟ್ಟ ಸಿಪಿಜಿ ಫೈಲನ್ನ ಯಾರಾದ್ರೂ ಜೊತೇಲಿ ಕಳ್ಸದೆ ಬಿಟ್ರೆ ಹೆಸ್ರೆಲ್ಲ ವಿಚಿತ್ರ ಅಕ್ಷರ ಆಗಿ ಕಾಣುತ್ತೆ, ಆಗ ಕ್ಯೂಜಿಐಎಸ್‌ನಲ್ಲಿ ಲೇಯರ್ ಪ್ರಾಪರ್ಟೀಸ್‌ಗೆ ಹೋಗಿ ಯುಟಿಎಫ್-8 ಆರಿಸಿದ್ರೆ ವಾಪಸ್ ಬರುತ್ತೆ. ಆದ್ರೆ ಸೇವ್ ಆಗುವಾಗ್ಲೇ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಆಗೋಗಿದ್ರೆ ಮುಗೀತು, ಮೂಲ ಹುಡುಕ್ಬೇಕು. ನಂಗೆ ಒಂದ್ ಕಚೇರಿಯಿಂದ ಸಿಕ್ಕಿದ್ದು ಇನ್ನೂ ಮಜಾ, ನುಡಿ ಆಸ್ಕಿಯಲ್ಲಿ (ಯೂನಿಕೋಡ್ ಅಲ್ಲದ ಹಳೇ ಫಾಂಟು) ಟೈಪ್ ಮಾಡಿದ್ದು, ಅದಕ್ಕೆ ಯಾವ ಎನ್‌ಕೋಡಿಂಗ್ ಕೊಟ್ರೂ ಓದಕ್ಕಾಗಲ್ಲ, ಹೆಸ್ರಿನ ಕಾಲಂ ಪೂರ್ತಿ ಕನ್ವರ್ಟರಿಗೆ ಹಾಕಿ ಯೂನಿಕೋಡ್ ಮಾಡ್ಕೊಂಡು ಮತ್ತೆ ಜೋಡಿಸ್ದೆ. ಕೆಲ್ಸ ಮಾಡೋ ಕಾಪಿ ಜಿಯೋಪ್ಯಾಕೇಜ್‌ನಲ್ಲಿಡಿ, ಅದು ಶೇಪ್‌ಫೈಲ್ ಬದಲು ಬಳಸೋ ಹೊಸ ಮಾದರಿ ಫೈಲು.

— ಮ್ಯಾಪ್‌ಲಿಬ್ರೆ (ಲೀಫ್ಲೆಟ್ ಥರದ್ದೇ ಇನ್ನೊಂದು) ಜೊತೆ ಪಿಎಂಟೈಲ್ಸ್ ಅನ್ನೋ ಫೈಲು ಮಾದರಿ ನೋಡಿ. ಟಿಪ್ಪೆಕನೂ ಅನ್ನೋ ಟೂಲಲ್ಲಿ ಮ್ಯಾಪನ್ನ ಟೈಲ್, ಅಂದ್ರೆ ಚೌಕ ಚೌಕ ತುಂಡು ಮಾಡಿದ್ರೆ ಎಲ್ಲ ಒಂದೇ ಫೈಲು, ಬ್ರೌಸರ್ ತನಗೆ ಬೇಕಾದ ತುಂಡನ್ನಷ್ಟೇ ಎಳ್ಕೊಳುತ್ತೆ, ಇದಕ್ಕೂ ಬೇರೆ ಟೈಲ್ ಸರ್ವರ್ ಬೇಡ. ನಾನು ಇಡೀ ಜಿಲ್ಲೆಯ ಸರ್ವೆ ನಂಬರ್ ಗಡಿ ಹಿಂಗೇ ಹಾಕಿದೀನಿ.

— 300 ಕೆರೆಗೆ ಅದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಅದೂ ಅಲ್ದೆ ನಾನು ಮ್ಯಾಪ್‌ಲಿಬ್ರೆ ಹಾಕಿದಾಗ ಲೇಬಲ್‌ಗಳಲ್ಲಿ ಒತ್ತಕ್ಷರ ಎಲ್ಲ ಬಿಡಿಬಿಡಿ ಆಗಿ "ಅಮ್ಮನಕೆರೆ" ಅಂತಿದ್ದಿದ್ದು ಅಮ್ ಮನ ಕೆರೆ ಆಗಿತ್ತು, ಅಜ್ಜ ನೋಡಿ ಇದ್ಯಾವ ಊರಪ್ಪ ಅಂದ್ರು. ಲೀಫ್ಲೆಟ್‌ನಲ್ಲಿ ಟೂಲ್‌ಟಿಪ್ ಅನ್ನೋದು ಮಾಮೂಲಿ ಎಚ್‌ಟಿಎಂಎಲ್, ಬ್ರೌಸರೇ ಅಕ್ಷರ ಜೋಡ್ಸುತ್ತೆ, ಆ ರಗಳೆ ಇಲ್ಲ.

— ಎಲ್ರಿಗೂ ಥ್ಯಾಂಕ್ಸ್. ಮ್ಯಾಪ್‌ಶೇಪರ್‌ಗೆ ಹಾಕ್ದೆ, 38 ಇದ್ದಿದ್ದು ಎರಡು ಎಂಬಿ ಒಳಗೆ ಬಂತು, ಅಮ್ಮನ ಹಳೇ ಫೋನಲ್ಲೂ ಓಡ್ತಿದೆ. ಆದ್ರೆ ಎಣಿಸಿದ್ರೆ ಹನ್ನೊಂದು ಸಣ್ಣ ಕಟ್ಟೆ ಕಾಣಿಸ್ತಿಲ್ಲ, ಹೂಳು ತುಂಬಿದ್ದು ಸಾಲ್ದು ಅಂತ ನಾನೂ ಮುಚ್ಚಿಬಿಟ್ನಾ?

— ಸಿಂಪ್ಲಿಫೈ ಮಾಡುವಾಗ "ಪ್ರಿವೆಂಟ್ ಶೇಪ್ ರಿಮೂವಲ್" ಅಂತ ಒಂದು ಟಿಕ್ ಬಾಕ್ಸ್ ಬರುತ್ತೆ, ಅದನ್ನ ಒತ್ತಿ ಮೂಲ ಫೈಲಿಂದ ಇನ್ನೊಂದ್ಸಲ ಮಾಡಿ. ಹನ್ನೊಂದೂ ಬರುತ್ವೆ.