ಡಿಕ್ಕಿಯಲ್ಲಿ ದೊಡ್ಡ ಸ್ಟೆಪ್ನಿ ಕೂರುತ್ತಿಲ್ಲ, ಬಾಗಿಲು ಲಾಕ್ ಬೀಳುತ್ತಿಲ್ಲ – ಗೊತ್ತಿದ್ದವರು ಹೇಳಿ

ಬದಿಯಡ್ಕದವ
ಸಾಕಾಗಿ ಹೋಯಿತು ಮಾರಾಯ್ರೆ. ಹೋದ ಆದಿತ್ಯವಾರ ವಿಟ್ಲದಲ್ಲಿ ಮದುವೆ ಊಟ ಮುಗಿಸಿ ವಾಪಸ್ ಬರುತ್ತಿದ್ದೆ. ಅಡ್ಕಸ್ಥಳ ದಾಟಿ ಪೆರ್ಲ ಸಿಗುವ ಮೊದಲು ನೀರು ತುಂಬಿದ ಒಂದು ಹೊಂಡಕ್ಕೆ ಎದುರಿನ ಎಡಚಕ್ರ ಇಳಿಯಿತು. ಟಯರಿನ ಬದಿ ಬೆರಳು ಹೋಗುವಷ್ಟು ಹರಿದಿತ್ತು. ಮಳೆಯಲ್ಲಿ ಡಿಕ್ಕಿ ಖಾಲಿ ಮಾಡಿ ನೋಡಿದರೆ ಒಳಗೆ ಆ ಸಪೂರ ಸ್ಟೆಪ್ನಿ, ಮೇಲೊಂದು ಹಳದಿ ಸ್ಟಿಕ್ಕರ್, 80ಕ್ಕಿಂತ ಜಾಸ್ತಿ ಓಡಿಸಬೇಡಿ ಅಂತ. 80 ಬಿಡಿ, 40ಕ್ಕೇ ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು, ತಿರುವಿನಲ್ಲಿ ಗಾಡಿ ತೊಟ್ಟಿಲಿನ ಹಾಗೆ. ಹಿಂದೆ ಕೂತಿದ್ದ ಅಮ್ಮ ಮನೆ ಮುಟ್ಟುವವರೆಗೆ ಒಂದು ಮಾತಾಡಲಿಲ್ಲ.
ಮರುದಿನವೇ ಮಂಗಳೂರಿಗೆ ಹೋಗಿ ಗಾಡಿಗೆ ಇರುವ ಸೈಜಿನದ್ದೇ ಹೊಸ ಟಯರು, ಅದು ಕೂರುವ ಕಬ್ಬಿಣದ ಡಿಸ್ಕ್ (ರಿಮ್) ತಂದೆ. ಈಗ ಅದು ಡಿಕ್ಕಿಯಲ್ಲಿ ಕೂರುತ್ತಿಲ್ಲ! ಮೇಲಿನ ಬೋರ್ಡ್ ನಾಲ್ಕು ಬೆರಳು ಎದ್ದು ನಿಂತಿದೆ, ಬಾಗಿಲು ಲಾಕ್ ಆಗುವುದಿಲ್ಲ, ಹಗ್ಗ ಕಟ್ಟಿ ಓಡಿಸಿದರೆ ಕೆಳಗಿನಿಂದ ಟಕಟಕ ಶಬ್ದ. ಎಂತ ಮಾಡುವುದು?

ಕುಂಬಳೆ ಸವಾರಿ
ಗಾಡಿ ಯಾವುದು? ಟಯರ್ ಸೈಜ್ ಎಷ್ಟು? ಡಿಸ್ಕಿನ ಪಿಸಿಡಿ (ಬೋಲ್ಟಿನ ತೂತುಗಳ ವೃತ್ತದ ಅಳತೆ), ಆಫ್‌ಸೆಟ್ ಎಷ್ಟು? ಒಂದನ್ನೂ ಹೇಳದೆ ಕೂರುವುದಿಲ್ಲ ಅಂದರೆ ನಾವು ಕವಡೆ ಹಾಕಿ ನೋಡಬೇಕಾ?

ಬದಿಯಡ್ಕದವ
ನಾಲ್ಕು ಮೀಟರಿನ ಒಳಗಿನ ಎಸ್‌ಯುವಿ, ಪೆಟ್ರೋಲ್. ಎಲ್ಲದರ ಡಿಕ್ಕಿಯೂ ಹೆಚ್ಚು ಕಡಿಮೆ ಒಂದೇ ಅಲ್ವಾ. ಟಯರ್ 215/60 ಆರ್ 16.

ಡೀಸೆಲ್ ಮಾವ
ಸುಲಭ. ಗಾಳಿ ಬಿಡಿ. 33 ಇದ್ದದ್ದನ್ನು 10ಕ್ಕೆ ಇಳಿಸಿ, ಟಯರ್ ಚಪ್ಪಟೆಯಾಗಿ ಕೂರುತ್ತದೆ. ಒಂದು ಕಾಲು ಪಂಪ್ ಇಟ್ಟುಕೊಳ್ಳಿ. ನಾವು ಜೀಪಿನ ಕಾಲದಿಂದಲೂ ಹೀಗೇ ಮಾಡುವುದು.

ಕುಂಬಳೆ ಸವಾರಿ
ಮಾವ, ನೆಲದ ಮೇಲೆ ಭಾರ ಹೊತ್ತು ನಿಂತ ಟಯರ್ ಚಪ್ಪಟೆಯಾಗುತ್ತದೆ. ಮಲಗಿಸಿ ಇಟ್ಟದ್ದು ಅಗಲದಲ್ಲಿ ಎಷ್ಟು ಇಳಿಯಬಹುದು? ನನಗೆ ಕಾಣುವುದು ಆಫ್‌ಸೆಟ್ ತಪ್ಪಾಗಿದೆ ಅಂತ. ಬೇರೆ ಗಾಡಿಯ ಡಿಸ್ಕ್ ಕಟ್ಟಿ ಕಳಿಸಿದ್ದಾರೆ.

ಡೀಸೆಲ್ ಮಾವ
ಒಮ್ಮೆ ಬಿಟ್ಟು ನೋಡಲಿ, ಆಮೇಲೆ ಮಾತಾಡುವ.

ಉಪ್ಪಳ ಎಕ್ಸ್‌ಪ್ರೆಸ್
ಇದಕ್ಕೇ ನಾನು ಬೊಲೆರೊ ಬಿಡದೇ ಇರುವುದು. ಸ್ಟೆಪ್ನಿ ಹಿಂದಿನ ಬಾಗಿಲಲ್ಲೇ ಉಂಟು. ಪಂಕ್ಚರ್ ಆದರೆ ಮದುವೆಯ ತೆಂಗಿನಕಾಯಿ, ಬಾಳೆಗೊನೆ ಯಾವುದನ್ನೂ ಕೆಳಗಿಳಿಸಬೇಕಾಗಿಲ್ಲ. ತಲಪಾಡಿಯಿಂದ ಚೆರ್ಕಳದವರೆಗೆ ಈಗ ರಸ್ತೆ ಹೇಗಿದೆ ಗೊತ್ತಲ್ಲ, ಅದರಲ್ಲಿ ನನ್ನ ಗಾಡಿ ಒಂದು ಸಲವೂ…

ಕುಂಬಳೆ ಸವಾರಿ
ಶುರುವಾಯಿತು. ನಿಮ್ಮ ಹಿಂದಿನ ಬಾಗಿಲಿನ ಕೀಲು ಎಷ್ಟು ಸಲ ಬದಲಾಯಿಸಿದ್ದೀರಿ ಅದನ್ನೂ ಹೇಳಿ.

ಉಪ್ಪಳ ಎಕ್ಸ್‌ಪ್ರೆಸ್
ಎರಡು ಸಲ. 14 ವರ್ಷದಲ್ಲಿ. ಅದು ದೊಡ್ಡದಲ್ಲ.

ಬದಿಯಡ್ಕದವ
ಗಾಳಿ ಬಿಟ್ಟು ನೋಡಿದೆ. ಒಂದು ನೂಲು ಇಳಿದಿರಬಹುದು. ಬಾಗಿಲು ಹಾಗೇ ಉಂಟು. ಈಗ ಗಾಳಿ ಇಲ್ಲದ ಸ್ಟೆಪ್ನಿಯೂ ಆಯಿತು, ಲಾಕ್ ಬೀಳದ ಬಾಗಿಲೂ ಆಯಿತು.

ಡೀಸೆಲ್ ಮಾವ
ಪೂರ್ತಿ ಬಿಟ್ಟಿರಾ? ವಾಲ್ವ್ ಪಿನ್ನೇ ತೆಗೆಯಬೇಕು.

ಹೊಸಂಗಡಿ ಹುಡುಗ
ಒಂದು ಸಂಶಯ. ಸ್ಟೆಪ್ನಿ ಅನ್ನುವುದು ಸರಿಯಾದ ಪದವಾ? ಇಂಗ್ಲಿಷಿನಲ್ಲಿ ಹಾಗೆ ಯಾರೂ ಹೇಳುವುದಿಲ್ಲ ಅಂತ ನಮ್ಮ ಕಾಲೇಜಿನ ಸರ್ ನಗುತ್ತಿದ್ದರು.

ಕುಂಬಳೆ ಸವಾರಿ
ನಿಮ್ಮ ಸರ್‌ಗೆ ಹೇಳಿ, ಅದು ಅಚ್ಚ ಅಲ್ಲಿಯದೇ. 1904ರಲ್ಲಿ ವೇಲ್ಸ್‌ನ ಲನೆಲ್ಲಿ ಎಂಬ ಊರಿನಲ್ಲಿ ಥಾಮಸ್ ಮೋರಿಸ್ ಡೇವಿಸ್ ಎಂಬವರು ಹೆಚ್ಚುವರಿ ಚಕ್ರ ಕಂಡುಹಿಡಿದರು, ಅಂಗಡಿ ಇದ್ದ ಬೀದಿಯ ಹೆಸರು ಸ್ಟೆಪ್ನಿ. ಅವರು ಮರೆತರು, ನಾವು ಇಟ್ಟುಕೊಂಡೆವು.

ಡೀಸೆಲ್ ಮಾವ
ಸ್ಟೆಪ್ನಿಯೇ ಇಲ್ಲದ ಗಾಡಿಯೂ ಈಗ ಬರುತ್ತದೆ. ಆರ್‌ಟಿಒ ಹಿಡಿದರೆ ದಂಡ ಖಂಡಿತ.

ಕುಂಬಳೆ ಸವಾರಿ
ಇಲ್ಲ ಮಾವ. 2020ರ ಜುಲೈಯಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂದಿದೆ. ಟ್ಯೂಬ್‌ಲೆಸ್ ಟಯರು, ಗಾಳಿ ಕಡಿಮೆಯಾದರೆ ತಿಳಿಸುವ ಸೆನ್ಸರು, ರಿಪೇರಿ ಕಿಟ್ಟು ಮೂರೂ ಇದ್ದರೆ ಸ್ಟೆಪ್ನಿ ಬೇಕಾಗಿಲ್ಲ.

ಡೀಸೆಲ್ ಮಾವ
ಆ ಕಿಟ್ಟು ಹಿಡಿದುಕೊಂಡು ಇವರ ಹಾಗೆ ಬದಿ ಹರಿದ ಟಯರಿನ ಎದುರು ರಾತ್ರಿ ಮಳೆಗೆ ನಿಂತು ನೋಡಿ ಒಮ್ಮೆ.

ಕುಂಬಳೆ ಸವಾರಿ
ಅದು ಸರಿ. ಕಿಟ್ಟಿನ ಅಂಟು ಬದಿ ಹರಿದದ್ದಕ್ಕೆ ಆಗುವುದಿಲ್ಲ. ನಾನು ಕಾನೂನು ಹೇಳಿದ್ದು.

ನಟ್ಟುಬೋಲ್ಟು
ಬದಿಯಡ್ಕದವರೇ, ಮೂರು ಅಳತೆ ಬೇಕು. ಒಂದು, ಬೋರ್ಡ್ ಕೂರುವ ಅಂಚಿನಿಂದ ಕೆಳಗಿನ ತಗಡಿನವರೆಗೆ ಆಳ ಎಷ್ಟು. ಎರಡು, ಹೊಸ ಟಯರನ್ನು ಅಂಗಳದಲ್ಲಿ ಮಲಗಿಸಿ ಎತ್ತರ ಎಷ್ಟು. ಮೂರು, ಟಯರಿಗೂ ತಗಡಿಗೂ ಮಧ್ಯೆ ಏನಾದರೂ ಉಂಟಾ. ಡಿಸ್ಕನ್ನು ಮುಖ (ಹೊರಗೆ ಕಾಣುವ ಬದಿ) ಮೇಲೆ ಮಾಡಿ ಇಟ್ಟಿದ್ದೀರಾ, ಕೆಳಗೆ ಮಾಡಿಯಾ?
ಆಫ್‌ಸೆಟ್ ಬಿಡಿ. ಅದು ಚಕ್ರ ಬಿಗಿಯುವ ಹಬ್ ಮೇಲೆ ಚಕ್ರ ಎಷ್ಟು ಒಳಗೆ ಹೋಗುತ್ತದೆ, ಎಷ್ಟು ಹೊರಗೆ ಬರುತ್ತದೆ ಅನ್ನುವ ಲೆಕ್ಕ. ಮಲಗಿಸಿದ ಟಯರಿನ ಎತ್ತರ ಅದರಿಂದ ಬದಲಾಗುವುದಿಲ್ಲ.

ಬದಿಯಡ್ಕದವ
ಆಳ 20.5 ಸೆಂಟಿಮೀಟರ್. ಹೊಸ ಟಯರ್ 22. ಮುಖ ಮೇಲೆ ಉಂಟು, ಪಂಕ್ಚರಿನವನು ಹಾಗೇ ಇಟ್ಟು ಕೊಟ್ಟದ್ದು. ಮಧ್ಯೆ ಬೇರೆ ಏನಿಲ್ಲ, ಆ ಬಿಳಿ ಥರ್ಮಾಕೋಲ್ ತಟ್ಟೆ ಮಾತ್ರ. ಅದು ಕಂಪನಿಯದ್ದೇ, ಜಾಕಿ ಇಡುವುದು.

ನಟ್ಟುಬೋಲ್ಟು
ತಟ್ಟೆ ಎಷ್ಟು ದಪ್ಪ?

ಬದಿಯಡ್ಕದವ
5 ಸೆಂಟಿಮೀಟರ್.

ಕುಂಬಳೆ ಸವಾರಿ
ಅಯ್ಯೋ ದೇವರೇ. ಎರಡು ದಿನದಿಂದ ಅದನ್ನು ಹೇಳಲಿಲ್ಲವಲ್ಲ.

ಬದಿಯಡ್ಕದವ
ಕಂಪನಿಯದ್ದು ತೆಗೆಯಬಾರದು ಅಂತ ಮಾಡಿದೆ. ನೀವು ಯಾರೂ ಕೇಳಲೂ ಇಲ್ಲ.

ನಟ್ಟುಬೋಲ್ಟು
22ಕ್ಕೆ 5 ಸೇರಿಸಿ 27. ಗುಳಿ 20.5. ಆರೂವರೆ ಎದ್ದು ನಿಂತಿದೆ, ಅದೇ ನಿಮ್ಮ ನಾಲ್ಕು ಬೆರಳು. ಆ ತಟ್ಟೆ ಸಪೂರ ಸ್ಟೆಪ್ನಿಯನ್ನು ಎತ್ತಿ ಹಿಡಿಯಲಿಕ್ಕೆ ಇದ್ದದ್ದು. ತೆಗೆದುಬಿಡಿ.
ಡಿಸ್ಕನ್ನು ತಿರುಗಿಸಿ ಮುಖ ಕೆಳಗೆ ಮಾಡಿ ಇಡಿ. ಟಯರಿನ ಎತ್ತರ ಬದಲಾಗುವುದಿಲ್ಲ, ಆದರೆ ಡಿಸ್ಕಿನ ಮಧ್ಯಭಾಗ ತಗಡಿನ ಹತ್ತಿರ ಬರುತ್ತದೆ. ನಿಮಗೆ ಟಕಟಕ ಕೇಳುವುದು ಯಾಕೆಂದರೆ ಮಧ್ಯದ ಪ್ಲಾಸ್ಟಿಕ್ ತಿರುಪು ಬೋಲ್ಟಿಗೆ ಸಿಕ್ಕೇ ಇಲ್ಲ, ಚಕ್ರ ಸುಮ್ನೆ ಮೇಲೆ ಕೂತಿದೆ. ಹೌದಾ?

ಬದಿಯಡ್ಕದವ
ಹೌದು. ಬೋಲ್ಟ್ ಮೋಟು ಅಂತ ತಿರುಪು ಗ್ಲೋವ್ ಬಾಕ್ಸಿನಲ್ಲಿ ಹಾಕಿ ಇಟ್ಟಿದ್ದೆ.

ಕುಂಬಳೆ ಸವಾರಿ
ಅಂದರೆ ಚಕ್ರ ಬಿಗಿಯದೆ ಎರಡು ದಿನ ಓಡಿಸಿದ್ದೀರಿ. ಹತ್ತಿಪ್ಪತ್ತು ಕಿಲೊದ ಚಕ್ರ, ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಸೀಟಿಗೆ ಬಂದು ಬಡಿಯುತ್ತಿತ್ತು. ಇದು ಹೇಳಬೇಕಾದ ವಿಷಯ ಅಂತಲೂ ನಿಮಗೆ ಕಾಣಲಿಲ್ಲ.

ಡೀಸೆಲ್ ಮಾವ
ಗಾಳಿ ಬಿಟ್ಟು, ತಟ್ಟೆಯನ್ನೂ ತೆಗೆದರೆ ಇನ್ನೂ ಒಳ್ಳೆಯದು.

ಬದಿಯಡ್ಕದವ
ಸಾಯಂಕಾಲ ಮಾಡಿ ನೋಡಿದೆ. ತಟ್ಟೆ ಎತ್ತಿದಾಗ ಅಡಿಯಲ್ಲಿ ಅಂಗೈಯಷ್ಟು ನೀರು, ಅದರಲ್ಲಿ ಒಂದು ಅಡಿಕೆ ಮೊಳಕೆ ಒಡೆಯಲಿಕ್ಕೆ ರೆಡಿಯಾಗಿ ಕೂತಿತ್ತು. ಒರೆಸಿ, ಟಯರಿಗೆ ಪುನಃ ಗಾಳಿ ಹೊಡೆಸಿ, ಮುಖ ಕೆಳಗೆ ಮಾಡಿ ಇಟ್ಟೆ. ತಿರುಪು ಐದಾರು ಸುತ್ತು ಬಿಗಿಯಾಗಿ ಕಚ್ಚಿತು. ಶಬ್ದ ಹೋಯಿತು. ಜಾಕಿ, ಸ್ಪಾನರು ಹಳೇ ಲುಂಗಿಯಲ್ಲಿ ಸುತ್ತಿ ಡಿಸ್ಕಿನ ಬಟ್ಟಲಿನೊಳಗೆ ಇಟ್ಟೆ, ಸರಿಯಾಗಿ ಕೂತಿತು. ಬಾಗಿಲು ಈಗ ಒತ್ತಿ ಹಾಕಿದರೆ ಲಾಕ್ ಬೀಳುತ್ತದೆ. ಬೋರ್ಡ್ ಮಾತ್ರ ಇನ್ನೂ ಒಂದೂವರೆ ಸೆಂಟಿಮೀಟರ್ ಎದ್ದಿದೆ, ಮಧ್ಯದಲ್ಲಿ ಆಮೆಯ ಬೆನ್ನಿನ ಹಾಗೆ.

ಉಪ್ಪಳ ಎಕ್ಸ್‌ಪ್ರೆಸ್
ಸುತ್ತ ಅಡಿಕೆ ಮರ ಸೀಳಿದ ಸಲಕೆ ಹಾಸಿ ಬೋರ್ಡ್ ಎತ್ತರಿಸಿ. ಬದಿಯಡ್ಕದಲ್ಲಿ ಸಲಕೆಗೆ ಬರವಾ?

ನಟ್ಟುಬೋಲ್ಟು
ಸಲಕೆ ಕುಂಬಾಗುತ್ತದೆ, ಕೊಳೆಯುತ್ತದೆ. 12 ಮಿಲಿಮೀಟರಿನ ಮರೈನ್ ಪ್ಲೈವುಡ್ಡನ್ನು ಮೂರು ಬೆರಳು ಅಗಲಕ್ಕೆ ಕೊಯ್ಸಿ, ಬೋರ್ಡ್ ಕೂರುವ ಅಂಚಿಗೆ ಸುತ್ತ ಇಡಿ. ಮೇಲೆ ಹಳೇ ಯೋಗದ ಚಾಪೆಯ ಒಂದು ಪಟ್ಟಿ. ಬಾಗಿಲಿನ ರಬ್ಬರಿಗೆ ತಾಗದ ಹಾಗೆ ನೋಡಿಕೊಳ್ಳಿ, ತಾಗಿದರೆ ನೀರು ಒಳಗೆ ಬರುತ್ತದೆ. ಈಗಲೇ ಬರುತ್ತಿದೆ ಅಂತ ಕಾಣುತ್ತದೆ, ಅದು ಬೇರೆ ಕತೆ.
ಇನ್ನೊಂದು. ಗಾಡಿಯ ಅಲಾಯ್ ಚಕ್ರ ಕಂಪನಿಯದ್ದಾ, ಹೊರಗೆ ಹಾಕಿಸಿದ್ದಾ?

ಬದಿಯಡ್ಕದವ
ಹೊರಗೆ ಹಾಕಿಸಿದ್ದು. ಅದಕ್ಕೂ ಸ್ಟೆಪ್ನಿಗೂ ಎಂತ ಸಂಬಂಧ?

ನಟ್ಟುಬೋಲ್ಟು
ಸಂಬಂಧ ಉಂಟು. ಕೆಲವು ಅಲಾಯಿಗೆ ಬೇರೆ ತರದ ನಟ್ಟು ಕೊಡುತ್ತಾರೆ, ಕತ್ತು ಉದ್ದ. ಅದೇ ನಟ್ಟಿನಲ್ಲಿ ಕಬ್ಬಿಣದ ಡಿಸ್ಕ್ ಬಿಗಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಡಿಸ್ಕಿನ ಕೋನಕ್ಕೆ ಸರಿಯಾಗಿ ಕೂತಿರುವುದಿಲ್ಲ. ಗಾಡಿ ಜೊತೆ ಬಂದ ಹಳೇ ನಟ್ಟು ಹುಡುಕಿ ಸ್ಟೆಪ್ನಿ ಜೊತೆಗೇ ಕಟ್ಟಿ ಇಡಿ.
ಮತ್ತೆ, ಹಗಲಿನಲ್ಲಿ ಅಂಗಳದಲ್ಲೇ ಒಮ್ಮೆ ಹೊಸ ಚಕ್ರವನ್ನು ಎದುರು ಹಾಕಿ ನೋಡಿ. ಕೈಯಲ್ಲಿ ತಿರುಗಿಸಿದರೆ ಬ್ರೇಕ್ ಕ್ಯಾಲಿಪರಿಗೆ ತಾಗಬಾರದು. ನಟ್ಟನ್ನು ಬೆರಳಲ್ಲೇ ತಿರುಗಿಸಿ ಸುತ್ತು ಎಣಿಸಿ. 12 ಮಿಲಿಮೀಟರಿನ ಬೋಲ್ಟು, ಒಂದೂವರೆ ಮಿಲಿಮೀಟರಿನ ಮರೆ (ತಿರುಪಿನ ಗೆರೆ) ಆದರೆ ಎಂಟು ಸುತ್ತು ಹೋಗಬೇಕು. ರಾತ್ರಿ ರಸ್ತೆಯಲ್ಲಿ ಗೊತ್ತಾದರೆ ಪ್ರಯೋಜನವಿಲ್ಲ.

ಕುಂಬಳೆ ಸವಾರಿ
ಅದಕ್ಕೇ ನಾನು ಮೊದಲೇ ಪಿಸಿಡಿ ಕೇಳಿದ್ದು.

ನಟ್ಟುಬೋಲ್ಟು
ಕೇಳಿದ್ದು ಸರಿ. ಬದಿಯಡ್ಕದವರೇ, ಕೊನೆಯದ್ದು. ಆ ಮದುವೆ ರಾತ್ರಿ ಸಪೂರ ಸ್ಟೆಪ್ನಿಯಲ್ಲಿ ಗಾಳಿ ಎಷ್ಟಿತ್ತು?

ಬದಿಯಡ್ಕದವ
ನೋಡಲಿಲ್ಲ. ಹೊಸದಲ್ವಾ, ಒಂದು ಸಲವೂ ರಸ್ತೆ ಕಂಡಿರಲಿಲ್ಲ.

ನಟ್ಟುಬೋಲ್ಟು
ಈಗ ನೋಡಿ. ಟಯರಿನ ಬದಿಯಲ್ಲಿ ಬರೆದದ್ದನ್ನೂ ಓದಿ.

ಬದಿಯಡ್ಕದವ
ಅಡಿಕೆ ಶೆಡ್ಡಿನಲ್ಲಿ ಹಾಕಿದ್ದೆ, ಈಗ ಹೋಗಿ ನೋಡಿ ಬಂದೆ. ಟಿ135/90 ಆರ್ 16. ಗಾಳಿ 60 ಪಿಎಸ್‌ಐ ಅಂತ ಬರೆದಿದೆ.
ಗೇಜ್ ಇಟ್ಟರೆ 19.

ಕುಂಬಳೆ ಸವಾರಿ
60 ಇರಬೇಕಾದಲ್ಲಿ 19. ಅದನ್ನು ಎದುರಿಗೆ ಬೇರೆ ಹಾಕಿದ್ದೀರಿ. ಹಿಂದಿನ ಒಳ್ಳೆ ಚಕ್ರವನ್ನು ಎದುರು ತಂದು, ಇದನ್ನು ಹಿಂದೆ ಹಾಕಬೇಕಿತ್ತು. ಅಮ್ಮ ಯಾಕೆ ಮಾತಾಡಲಿಲ್ಲ ಈಗ ಗೊತ್ತಾಯಿತು.

ಡೀಸೆಲ್ ಮಾವ
ನೋಡಿ, ಕೊನೆಗೂ ವಿಷಯ ಗಾಳಿಯದ್ದೇ ಬಂತು. ನಾನು ಮೊದಲೇ ಹೇಳಿದ್ದೆ.

ಕುಂಬಳೆ ಸವಾರಿ
ಮಾವ, ನೀವು ಬಿಡಲು ಹೇಳಿದ್ದು.

ಬದಿಯಡ್ಕದವ
ಅಂದರೆ ನಾನು ದುಡ್ಡು ಖರ್ಚು ಮಾಡಿ ಹೊಸ ಚಕ್ರ ತಂದದ್ದು ಸುಮ್ನೆಯಾ?

ನಟ್ಟುಬೋಲ್ಟು
ಸುಮ್ನೆ ಅಲ್ಲ. ಮಂಗಳೂರು ಪೇಟೆಯಲ್ಲೇ ಹಂಪನಕಟ್ಟೆಗೆ ಹೋಗಿ ಬರುವವರಿಗೆ ಸಪೂರದ್ದು ಸಾಕು. ನೀವು ಅಡಿಕೆ ಚೀಲ ಹೇರಿಕೊಂಡು ರಾತ್ರಿ ಹೊತ್ತು ಆ ರಸ್ತೆಯಲ್ಲಿ ಓಡಾಡುವವರು, ದೊಡ್ಡದೇ ಇರಲಿ. ಆದರೆ ಇದರ ಗಾಳಿಯನ್ನೂ ತಿಂಗಳಿಗೊಮ್ಮೆ ನೋಡಬೇಕು. ಮುಖ ಕೆಳಗಾದ್ದರಿಂದ ವಾಲ್ವ್ ಅಡಿಗೆ ಹೋಗಿದೆ, ತಿರುಪು ಬಿಚ್ಚಿ ಎತ್ತಿಯೇ ನೋಡಬೇಕಾದೀತು. ನಾಲ್ಕೈದು ಪಾಯಿಂಟ್ ಜಾಸ್ತಿ ಹೊಡೆಸಿ ಇಡಿ.

ಉಪ್ಪಳ ಎಕ್ಸ್‌ಪ್ರೆಸ್
ನನ್ನದರಲ್ಲಿ ವಾಲ್ವ್ ಹೊರಗೇ ಉಂಟು. ನಿಂತಲ್ಲೇ ನೋಡಬಹುದು. ಫೋಟೊ ಹಾಕಲಾ?

ಕುಂಬಳೆ ಸವಾರಿ
ಬೇಡ.

ಬದಿಯಡ್ಕದವ
ಹಳೇ ನಟ್ಟು ಮೊಳೆ ಡಬ್ಬಿಯಲ್ಲಿ ಸಿಕ್ಕಿತು, 20ರಲ್ಲಿ 17 ಉಂಟು, ಒಂದು ಚಕ್ರಕ್ಕೆ ಐದು ಸಾಕಲ್ವಾ. ಅಂಗಳದಲ್ಲಿ ಹಾಕಿ ನೋಡಿದೆ, ಎಲ್ಲಿಯೂ ತಾಗುವುದಿಲ್ಲ, ಒಂಬತ್ತು ಸುತ್ತು ಹೋಯಿತು. ಪ್ಲೈವುಡ್ ನಾಳೆ ಕೊಯ್ಸುತ್ತೇನೆ. ಎಲ್ಲರಿಗೂ ಉಪಕಾರ ಆಯಿತು.

ಹೊಸಂಗಡಿ ಹುಡುಗ
ಅಣ್ಣ, ಆ ಸಪೂರ ಸ್ಟೆಪ್ನಿ ಮಾರ್ತೀರಾ? ನನ್ನದೂ ಅದೇ ಗಾಡಿ ಅಂತ ಕಾಣುತ್ತದೆ, ಐದು ಬೋಲ್ಟು, 16ರ ಚಕ್ರ. ನನಗೆ ಬರೀ ಕಿಟ್ಟು ಕೊಟ್ಟಿದ್ದಾರೆ.

ಬದಿಯಡ್ಕದವ
ಕೊಡಬಹುದು. ಒಂದೇ ರಾತ್ರಿ ಓಡಿದ್ದು, ಹೊಸದೇ. ಎಷ್ಟು ಕೊಡ್ತೀರಿ?

ಹೊಸಂಗಡಿ ಹುಡುಗ
19ರಲ್ಲಿ ವಿಟ್ಲದಿಂದ ಓಡಿದ್ದಲ್ವಾ ಅಣ್ಣ. ಮೊದಲು ಬಿಚ್ಚಿ ಒಳಗಿನ ಬದಿ ನೋಡಬೇಕು, ಆಮೇಲೆ ರೇಟ್ ಮಾತಾಡುವ.